ನೀವು ಎಷ್ಟು ಮಂದಿ?

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿನಿಯರು ತಮ್ಮ ಅನುಭವದ ಒಂದೆರಡು ಮಾತುಗಳನ್ನು ಬರೆದು ಕಳುಹಿಸಬೇಕೆಂದು ಮುಖ್ಯೋಪಾಧ್ಯಾಯಿನಿಯವರಿಂದ ಪತ್ರ ಬಂದಿತು. ಪತ್ರವು ಕೈಸೇರಿದ ದಿನವೇ ನಾವು ಮೂವರು ಗೆಳತಿಯರು ಟೆಲಿಫೋನಿನಲ್ಲಿ ಕೂಡಿ ಆಲೋಚಿಸಿದೆವು. ನಾವು ಈ ಶಾಲೆಯಲ್ಲಿ ಒಂದೇ ತರಗತಿಯಲ್ಲಿ ಕಲಿತು, ಒಂದೇ ಬೋರ್ಡಿಂಗಿನಲ್ಲಿ ಉಂಡು ಮಲಗಿ, ಒಂದೇ ಗುಂಪಿನಲ್ಲಿ ನಿಂತು ಹಾಡಿದವರು. ನಮ್ಮಲ್ಲಿ ಒಬ್ಬಳು ಕ್ರೈಸ್ತ ಮನೆತನದವಳು, ಇಬ್ಬರು ಹಿಂದೂ ಮನೆತನದವರು. ಈಗ ಒಬ್ಬಳು ಹಾಸನದಲ್ಲಿಯೂ ಒಬ್ಬಳು ಮೈಸೂರಿನಲ್ಲಿಯೂ ಮತ್ತೊಬ್ಬಳು ಬೆಂಗಳೂರಿನಲ್ಲಿಯೂ ಮೊಮ್ಮಕ್ಕಳ ನಡುವೆ ವಾಸವಾಗಿದ್ದೇವೆ. ಶಾಲೆಯ ಉಪಕಾರವನ್ನು ನಮಗಿಂತ ಚೆನ್ನಾಗಿ ವರ್ಣಿಸಬಲ್ಲವರು ಅನೇಕರಿರುವರು. ನಾವು ಹೇಳಬೇಕಾದುದು ಸುಮಾರು ಐವತ್ತು ವರ್ಷಗಳಷ್ಟು ಹಳೆಯದಾದ ಒಂದು ಸಾಲದ ಸಂಗತಿ. ಅದು ನಮ್ಮ ನೆನಪಿಗೆ ಬಂದ ಬಗೆಯು ವಿಚಿತ್ರವಾದುದರಿಂದ ಅಲ್ಲಿಂದಲೇ ಪ್ರಾರಂಭಿಸುತ್ತೇವೆ.

೨೦೨೨ನೆಯ ಇಸವಿ ಏಪ್ರಿಲ್ ೪ರ ಬೆಳಗ್ಗೆ, ಬೆಂಗಳೂರಿನ ಮನೆಯಲ್ಲಿ ಕಾಫಿಯ ಹೊತ್ತಿಗೆ ಮೊಮ್ಮಗಳು ಓಡಿಬಂದು, "ಅಜ್ಜೀ, ನಮ್ಮೂರಿನ ರಿಕ್ಕಿ ಕೇಜ್ ಅವರಿಗೆ ಇನ್ನೊಂದು ಗ್ರ್ಯಾಮಿ ಬಂತು" ಎಂದು ಕುಣಿದಳು. ಅಮೆರಿಕದಲ್ಲಿ ಜನಿಸಿ, ಬಾಲ್ಯದಲ್ಲಿಯೇ ಬೆಂಗಳೂರಿಗೆ ಬಂದು, ಇಲ್ಲಿಯೇ ಬೆಳೆದ ಈ ಸಂಗೀತಗಾರರು ೨೦೧೫ರಲ್ಲಿ ದಕ್ಷಿಣ ಆಫ್ರಿಕದ ಕೊಳಲು ವಾದಕ ವೌಟರ್ ಕೆಲ್ಲರ್‌ಮನ್ ಅವರೊಡನೆ ರಚಿಸಿದ 'ವಿಂಡ್ಸ್ ಆಫ್ ಸಂಸಾರ' ಎಂಬ ಗೀತಸಂಪುಟಕ್ಕೆ ಮೊದಲನೆಯ ಗ್ರ್ಯಾಮಿಯನ್ನು ಪಡೆದಿದ್ದರು. ಈ ಸಲ ಸ್ಟುವರ್ಟ್ ಕೋಪ್‌ಲ್ಯಾಂಡ್ ಅವರೊಡನೆ ರಚಿಸಿದ 'ಡಿವೈನ್ ಟೈಡ್ಸ್' ಎಂಬ ಸಂಪುಟಕ್ಕೆ ಅದೇ 'ನ್ಯೂ ಏಜ್' ವಿಭಾಗದ ಪ್ರಶಸ್ತಿ ಬಂದಿತ್ತು. ಮಗುವಿನ ಸಂತೋಷವನ್ನು ನೋಡಿ ನಮಗೂ ಸಂತೋಷವಾಯಿತು. ಆದರೆ ಆಕೆ ಅಷ್ಟಕ್ಕೆ ಬಿಡಲಿಲ್ಲ. "ಅಜ್ಜೀ, ಹಾಡಿಗೆ ಆಲ್ಬಮ್ ಅಂತ ಯಾಕೆ ಅಂತಾರೆ? ಆಲ್ಬಮ್ ಅಂದರೆ ಫೋಟೋ ಇಡೋದಲ್ಲವಾ?" ಎಂದು ಕೇಳಿದಳು.

ಮಕ್ಕಳ ಪ್ರಶ್ನೆಯು ಸಣ್ಣದಾಗಿ ಕಂಡರೂ ಉತ್ತರವು ದೊಡ್ಡದಾಗಿರುವುದುಂಟು. ಹಿಂದಿನ ಗ್ರಾಮಫೋನ್ ಪ್ಲೇಟಿನ ಒಂದು ಮಗ್ಗುಲಿನಲ್ಲಿ ಮೂರು ನಾಲ್ಕು ನಿಮಿಷಗಳ ಸಂಗೀತವು ಮಾತ್ರ ಹಿಡಿಯುತ್ತಿತ್ತು. ದೀರ್ಘವಾದ ರಚನೆಯನ್ನು ಮುದ್ರಿಸಬೇಕಾದರೆ ಅದನ್ನು ತುಂಡುಮಾಡಿ ಐದಾರು ಪ್ಲೇಟುಗಳಲ್ಲಿ ತುಂಬಿ, ಆ ಪ್ಲೇಟುಗಳನ್ನು ಕಾಗದದ ಚೀಲಗಳಲ್ಲಿಟ್ಟು, ಭಾವಚಿತ್ರಗಳ ಪುಸ್ತಕದಂತೆ ರಟ್ಟುಕಟ್ಟಿ ಮಾರುತ್ತಿದ್ದರು. ಆ ಪುಸ್ತಕಕ್ಕೇ ಆಲ್ಬಮ್ ಎಂದು ಹೆಸರಾಯಿತು. ೧೯೪೮ರಲ್ಲಿ ಅಮೆರಿಕದ ಕೊಲಂಬಿಯಾ ಕಂಪೆನಿಯವರು ಮಗ್ಗುಲೊಂದಕ್ಕೆ ಇಪ್ಪತ್ತು ನಿಮಿಷಗಳಿಗೂ ಮಿಕ್ಕು ಓಡುವ ದೊಡ್ಡ ಪ್ಲೇಟನ್ನು ತಂದಮೇಲೆ ಪುಸ್ತಕದ ಅವಶ್ಯಕತೆಯು ಹೋಯಿತು. ಹೆಸರು ಮಾತ್ರ ಉಳಿಯಿತು. ಪ್ಲೇಟೇ ಇಲ್ಲದ ಇಂದಿನ ಕಾಲದಲ್ಲಿಯೂ ಅದು ಉಳಿದಿದೆ. ಗ್ರ್ಯಾಮಿ ಎಂಬುದೂ ಗ್ರಾಮಫೋನ್ ಎಂಬ ಮಾತಿನ ಮುದ್ದಿನ ರೂಪ. ಧ್ವನಿಮುದ್ರಣದ ಕಸುಬಿನಲ್ಲಿರುವವರು ತಾವೇ ಒಂದು ಅಕಾಡೆಮಿಯನ್ನು ಕಟ್ಟಿಕೊಂಡು, ತಮ್ಮವರಲ್ಲಿ ಉತ್ತಮರು ಯಾರೆಂದು ತಾವೇ ಮತ ಹಾಕಿ ಆರಿಸುವ ಅಮೆರಿಕದ ಪ್ರಶಸ್ತಿಯಿದು. ಮೊದಲನೆಯ ಸಮಾರಂಭವು ೧೯೫೯ರ ಮೇ ೪ರಂದು ನಡೆಯಿತು. ವರ್ಷದ ಅತ್ಯುತ್ತಮ ಆಲ್ಬಮ್ ಎಂಬ ಹಿರಿಯ ಬಹುಮಾನವು ಅಂದು ಹೆನ್ರಿ ಮ್ಯಾನ್ಸಿನಿಯವರಿಗೆ ಸಂದಿತು. ಕೊಡುವ ಬಿರುದಿನ ಕುರುಹು ಇಂದಿಗೂ ಕಹಳೆಯುಳ್ಳ ಹಳೆಯ ಗ್ರಾಮಫೋನಿನ ಚಿನ್ನದ ಬಣ್ಣದ ಪುಟ್ಟ ಪ್ರತಿಮೆ.

ಈ ಕಥೆಯನ್ನು ಹೇಳುತ್ತಿದ್ದಂತೆ ನಮಗೆ ಗೌಹರ್ ಜಾನ್ ಎಂಬ ಗಾಯಕಿಯ ನೆನಪಾಯಿತು. ೧೯೦೨ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೇಸ್‌ಬರ್ಗ್ ಎಂಬ ಮುದ್ರಣಕಾರನ ಕಹಳೆಯ ಮುಂದೆ ಆಕೆ ಹಾಡಿ, ಹಾಡು ಮುಗಿದೊಡನೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಕೂಗಿ ಹೇಳಿದಳು. ಅಚ್ಚು ಹಾಕಲು ಜರ್ಮನಿಗೆ ಹೋಗುವ ಆ ಫಲಕಗಳನ್ನು ಅಲ್ಲಿಯವರು ಗುರುತಿಸಿ, ಸರಿಯಾದ ಚೀಟಿಯನ್ನು ಅಂಟಿಸಲಿ ಎಂಬುದು ಅದರ ಉದ್ದೇಶವಾಗಿತ್ತು. ಆಕೆ ತನ್ನ ಕಡೆಗಾಲದಲ್ಲಿ ನಮ್ಮ ಮೈಸೂರಿಗೇ ಬಂದು, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯವನ್ನು ಪಡೆದು, ೧೯೩೦ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡಳು. ಆಕೆಯ ಐಶ್ವರ್ಯವೆಲ್ಲ ಕರಗಿಹೋಯಿತು. ಹಾಡಿನ ಬಾಲದಲ್ಲಿ ಕೂಗಿದ ಹೆಸರು ಮಾತ್ರ ನೂರಿಪ್ಪತ್ತು ವರ್ಷಗಳಾದರೂ ಕೇಳಿಬರುತ್ತಿದೆ.

ಹೀಗೆ ತನ್ನ ಹೆಸರನ್ನು ತಾನೇ ಹೇಳಿಕೊಳ್ಳುವ ಅವಕಾಶವು ಎಲ್ಲರಿಗೂ ಬರುವುದಿಲ್ಲ. ೧೯೭೧ರ ಆಗಸ್ಟ್ ೧ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಪಂಡಿತ ರವಿಶಂಕರರ ಕೋರಿಕೆಯಂತೆ ಜಾರ್ಜ್ ಹ್ಯಾರಿಸನ್ ಅವರು ಬಾಂಗ್ಲಾದೇಶದ ನಿರಾಶ್ರಿತರ ಸಹಾಯಾರ್ಥವಾಗಿ ಒಂದು ದೊಡ್ಡ ಕಚೇರಿಯನ್ನು ಏರ್ಪಡಿಸಿದರು. ಮೊದಲು ವೇದಿಕೆಯ ಮೇಲೆ ಕುಳಿತವರು ನಮ್ಮ ದೇಶದವರು: ಸಿತಾರಿಗೆ ರವಿಶಂಕರರು, ಸರೋದಿಗೆ ಅಲಿ ಅಕ್ಬರ್ ಖಾನರು, ತಬಲಕ್ಕೆ ಅಲ್ಲಾ ರಖಾ ಅವರು, ತಂಬೂರಿಗೆ ಕಮಲಾ ಚಕ್ರವರ್ತಿಯವರು. ಇವರು ತಂತಿಗಳನ್ನು ಶ್ರುತಿಗೂಡಿಸಿಕೊಂಡು ನಿಲ್ಲಿಸಿದಾಗ, ಅದೇ ಸಂಗೀತವೆಂದು ಭ್ರಮಿಸಿದ ಸಭಿಕರು ಚಪ್ಪಾಳೆ ತಟ್ಟಿದರು. ರವಿಶಂಕರರು ನಗುತ್ತ, ಶ್ರುತಿಯೇ ಇಷ್ಟು ಮೆಚ್ಚಿಕೆಯಾಗಿದ್ದರೆ ಇನ್ನು ವಾದನವು ಮತ್ತಷ್ಟು ಮೆಚ್ಚಿಕೆಯಾಗಬಹುದೆಂದು ಹೇಳಿದ್ದು ಪ್ರಸಿದ್ಧವಾಗಿದೆ. ಆ ಕಚೇರಿಯ ಮೂರು ಪ್ಲೇಟುಗಳ ಸಂಪುಟಕ್ಕೆ ೧೯೭೩ರಲ್ಲಿ ವರ್ಷದ ಅತ್ಯುತ್ತಮ ಆಲ್ಬಮ್ ಎಂಬ ಗ್ರ್ಯಾಮಿಯು ದೊರೆಯಿತು. ಬಹುಮಾನದ ಪಟ್ಟಿಯಲ್ಲಿ ಹ್ಯಾರಿಸನ್ನರೊಡನೆ ರವಿಶಂಕರರ ಹೆಸರಿತ್ತು. ಪಕ್ಕದಲ್ಲಿ ಕುಳಿತು ಸರೋದು ನುಡಿಸಿದವರ ಹೆಸರೂ, ತಬಲ ನುಡಿಸಿದವರ ಹೆಸರೂ ಇರಲಿಲ್ಲ. ಮೊದಲಿಂದ ಕೊನೆಯವರೆಗೆ ತಂಬೂರಿಯನ್ನು ಮೀಟುತ್ತ ಕುಳಿತ ಆ ತಾಯಿಯ ಹೆಸರಂತೂ ಇರಲಿಲ್ಲ.

ಇದನ್ನು ನಾವು ಮೂವರು ಆ ದಿನ ಸಂಜೆ ಟೆಲಿಫೋನಿನಲ್ಲಿ ಮಾತಾಡಿಕೊಂಡು, "ಎಂಥ ಅನ್ಯಾಯ ಕಣೇ" ಎಂದು ಒಬ್ಬರಿಗೊಬ್ಬರು ಹೇಳಿಕೊಂಡೆವು. ಹೇಳಿದ ಮರುಗಳಿಗೆಗೆ ಮೂವರೂ ಸುಮ್ಮನಾದೆವು. ನಮಗೂ ಒಬ್ಬಳು ಶ್ರುತಿ ಹಿಡಿದಿದ್ದಳು!

ನಾವು ಒಂಬತ್ತನೆಯ ತರಗತಿಯಲ್ಲಿದ್ದಾಗ ಜಿಲ್ಲೆಯ ಹೈಸ್ಕೂಲುಗಳಿಗೆಲ್ಲ ಒಂದು ಸಮೂಹಗಾನದ ಸ್ಪರ್ಧೆಯಿತ್ತು. ನಮ್ಮ ಸಂಗೀತದ ಉಪಾಧ್ಯಾಯಿನಿಯವರು ಒಂದು ಕ್ರೈಸ್ತ ಕೀರ್ತನೆಯನ್ನು ಮೋಹನರಾಗದಲ್ಲಿ ಅಳವಡಿಸಿ ನಮಗೆ ಕಲಿಸಿದ್ದರು. ಯೇಸುಸ್ವಾಮಿಯ ಚರಿತ್ರೆಯನ್ನು ನಮ್ಮ ನಾಡಿನ ಛಂದಸ್ಸಿನಲ್ಲಿ ಹಾಡಿಕೊಳ್ಳಬಹುದೆಂದು ಕಿಟ್ಟೆಲ್ ಪಂಡಿತರು ೧೮೬೨ರಲ್ಲಿಯೇ 'ಕಥಾಮಾಲೆ'ಯನ್ನು ಬರೆದು ತೋರಿಸಲಿಲ್ಲವೇ ಎಂದು ಅವರು ಆಗಾಗ ಹೇಳುವರು. ಹಾಡುವುದಕ್ಕೆ ನಾವು ಮೂವರು ಆಯ್ಕೆಯಾದೆವು. ಹಳ್ಳಿಮೈಸೂರಿನ ಕಡೆಯಿಂದ ಬಂದು ಬೋರ್ಡಿಂಗಿನಲ್ಲಿದ್ದ ನಮ್ಮ ತರಗತಿಯ ಇನ್ನೊಬ್ಬ ಹುಡುಗಿಗೂ ಹಾಡುವ ಆಸೆಯಿತ್ತು. ಆದರೆ ಆಕೆಯ ಕಂಠವು ಗಡುಸಾಗಿದ್ದುದರಿಂದ ಉಪಾಧ್ಯಾಯಿನಿಯವರು ಶ್ರುತಿಪೆಟ್ಟಿಗೆಯನ್ನು ಆಕೆಯ ಕೈಗೆ ಕೊಟ್ಟರು. ಎರಡು ತಿಂಗಳು ಸಂಜೆ ಸಂಜೆಯೂ ನಾವು ಹಾಡಿದೆವು. ಆಕೆ ನಮ್ಮ ಹಿಂದೆ ಚಾಪೆಯ ಮೇಲೆ ಕುಳಿತು ತಿದಿಯೊತ್ತಿದಳು. ನಾವು ದಣಿದಾಗ ನೀರು ಕುಡಿಯುತ್ತಿದ್ದೆವು. ಆಕೆ ನೀರು ಕುಡಿದುದನ್ನು ನಾವು ನೋಡಿದ ನೆನಪಿಲ್ಲ.

ಸ್ಪರ್ಧೆಯಲ್ಲಿ ನಮಗೆ ಮೊದಲನೆಯ ಬಹುಮಾನ ಬಂದಿತು. ವೇದಿಕೆಯ ಪಕ್ಕದ ಮೇಜಿನಲ್ಲಿ ಪ್ರಶಸ್ತಿಪತ್ರಗಳನ್ನು ಬರೆಯುತ್ತಿದ್ದ ಮಹನೀಯರು ಲೇಖನಿಯನ್ನೆತ್ತಿ, "ನೀವು ಎಷ್ಟು ಮಂದಿಯಮ್ಮ?" ಎಂದು ಕೇಳಿದರು. "ಮೂವರು ಸಾರ್" ಎಂದೆವು. ಯಾರು ಹೇಳಿದರೆಂಬುದು ಈಗ ನಮ್ಮಲ್ಲಿ ಯಾರಿಗೂ ನೆನಪಿಲ್ಲ. ನಾವೇ ಹೇಳಿದೆವೆಂಬುದು ಮಾತ್ರ ಮೂವರಿಗೂ ನೆನಪಿದೆ. ಅವರು ಮೂರು ಪತ್ರಗಳನ್ನು ಬರೆದರು. ಆಕೆ ಶ್ರುತಿಪೆಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅಲ್ಲಿಯೇ ನಮ್ಮ ಬೆನ್ನ ಹಿಂದೆ ನಿಂತಿದ್ದಳು. ಬೆಳ್ಳಿಯ ಬಟ್ಟಲು ಶಾಲೆಗೆ ಬಂದಿತು. ಪತ್ರಗಳು ನಮ್ಮ ನಮ್ಮ ಮನೆಗಳ ಗೋಡೆಗೇರಿದವು. ಆ ಬೇಸಿಗೆಯಲ್ಲಿ ಆಕೆಯ ತಂದೆ ಬಂದು, ಮನೆಯಲ್ಲಿ ತೊಂದರೆಯೆಂದು ಹೇಳಿ, ಆಕೆಯ ತಗಡಿನ ಪೆಟ್ಟಿಗೆಯನ್ನು ಹೊತ್ತುಕೊಂಡು ಕರೆದೊಯ್ದರು. ಆಕೆ ಮತ್ತೆ ಶಾಲೆಗೆ ಬರಲಿಲ್ಲ. ನಾವು ಹತ್ತನೆಯ ತರಗತಿಯನ್ನು ಮುಗಿಸಿ ಮುಂದಕ್ಕೆ ಹೋದೆವು.

ಇಷ್ಟು ನೆನಪಾದ ಮೇಲೆ ಮನೆಯಲ್ಲಿ ಸುಮ್ಮನೆ ಕುಳಿತಿರುವುದು ನಮ್ಮಿಂದಾಗಲಿಲ್ಲ. ವಿಚಾರಿಸಿ ತಿಳಿದುಕೊಂಡು, ಒಂದು ದಿನ ಹೊಳೆನರಸೀಪುರದಲ್ಲಿ ಮೂವರೂ ಕಲೆತು ಹಳ್ಳಿಮೈಸೂರಿಗೆ ಹೊರಟೆವು. ಆಕೆಯ ಮನೆಯ ಜಗಲಿಯಲ್ಲಿ ತೆಂಗಿನಕಾಯಿಗಳನ್ನು ರಾಶಿ ಹಾಕಿತ್ತು. ನಮ್ಮನ್ನು ನೋಡಿದೊಡನೆ ಆಕೆ ಗುರುತಿಸಿ, "ಅಯ್ಯೋ, ಏನ್ರೇ, ಮೂವರೂ ಒಟ್ಟಿಗೆ ಬಂದುಬಿಟ್ಟಿರಲ್ಲ!" ಎಂದು ಕೈಹಿಡಿದು ಒಳಕ್ಕೆ ಕರೆದುಕೊಂಡು ಹೋದಳು. ಕಾಫಿಯಾಯಿತು, ಮಕ್ಕಳು ಮೊಮ್ಮಕ್ಕಳ ಮಾತಾಯಿತು. ಕಡೆಗೆ ನಾವು ತಡವರಿಸುತ್ತ ಆ ದಿನದ ಮಾತನ್ನು ತೆಗೆದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ತನ್ನ ಎಡಗೈಯ ಹೆಬ್ಬೆರಳನ್ನು ನಮಗೆ ತೋರಿಸಿದಳು.

"ಆ ಪೆಟ್ಟಿಗೆಯ ತಿದಿ ಒಂದು ಕಡೆ ಹರಿದಿತ್ತು, ಗೊತ್ತೇನ್ರೇ? ಕಾಗದ ಅಂಟಿಸಿದ್ದೆ. ಸ್ಪರ್ಧೆಯ ದಿನ ಬಸ್ಸಿನಲ್ಲಿ ಅದು ಕಿತ್ತುಹೋಯಿತು. ನಿಮಗೆ ಹೇಳಿದರೆ ಹೆದರಿಕೊಳ್ಳುತ್ತೀರಿ ಅಂತ ಹೇಳಲಿಲ್ಲ. ಹಾಡು ಮುಗಿಯೋವರೆಗೂ ಈ ಬೆರಳು ಒತ್ತಿಕೊಂಡೇ ಇದ್ದೆ. ತೆಗೆದಿದ್ದರೆ ಗಾಳಿ ಸೋರಿ ಶ್ರುತಿ ಇಳಿದುಹೋಗುತ್ತಿತ್ತು."

ನಮಗೆ ಮಾತು ಹೊರಡಲಿಲ್ಲ. ಆ ದಿನ ತೀರ್ಪುಗಾರರು ನಮ್ಮ ಹಾಡಿನಲ್ಲಿ ವಿಶೇಷವಾಗಿ ಹೊಗಳಿದ್ದು ಶ್ರುತಿಶುದ್ಧಿಯನ್ನು! ಐವತ್ತು ವರ್ಷಗಳಿಂದ ಅದನ್ನು ನಮ್ಮ ಕಂಠದ ಗುಣವೆಂದು ನಾವು ತಿಳಿದಿದ್ದೆವು. "ಪತ್ರ ಬರೆಯುವವರು ಕೇಳಿದಾಗ ನೀನಾದರೂ ಒಂದು ಮಾತು ಹೇಳಬಾರದಾಗಿತ್ತೇ?" ಎಂದು ನಮ್ಮಲ್ಲೊಬ್ಬಳು ಕೇಳಿದಳು. ಕೇಳಿದ ಮೇಲೆ, ಕೇಳಬಾರದಾಗಿತ್ತೆಂದು ಅನ್ನಿಸಿತು. "ಅವರು ಕೇಳಿದ್ದು ನಿಮ್ಮನ್ನಲ್ಲವೇ?" ಎಂದಳು ಆಕೆ. ಆ ದನಿಯಲ್ಲಿ ಕೋಪವಿರಲಿಲ್ಲ. ಸ್ವಲ್ಪ ತಡೆದು ಮತ್ತೆ ಹೇಳಿದಳು: "ಅಪ್ಪ ಕರೆದುಕೊಂಡು ಹೋಗಲು ಬಂದಾಗ, ಇಲ್ಲಿ ಏನು ಕಲಿತೆಯಮ್ಮ ಅಂತ ಕೇಳಿದರು. ತೋರಿಸುವುದಕ್ಕೆ ಕೈಯಲ್ಲಿ ಏನೂ ಇರಲಿಲ್ಲ." ಒಂದು ಕಾಗದವಿದ್ದಿದ್ದರೆ ಆಕೆಯ ಓದು ನಿಲ್ಲುತ್ತಿರಲಿಲ್ಲವೆಂದು ನಾವು ಹೇಳಲಾರೆವು, ಬಡತನವು ಕಾಗದಕ್ಕೆ ಸುಲಭವಾಗಿ ಮಣಿಯುವಂಥದಲ್ಲ. ಆದರೆ ಆ ಒಂದು ಕಾಗದವು ಆಕೆಯ ಕೈಯಲ್ಲಿ ಇಲ್ಲದಂತೆ ಮಾಡಿದುದು ಬಡತನವಲ್ಲ, ನಾವು.

ಮಧ್ಯಾಹ್ನದ ಮೇಲೆ ನಾಲ್ವರೂ ಕೂಡಿ ರುದ್ರಪಟ್ಟಣಕ್ಕೆ ಹೋಗಿಬರೋಣವೆಂದು ಆಕೆಯೇ ಹೇಳಿದಳು. ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಡದಲ್ಲಿರುವ ಈ ಗ್ರಾಮವು ಸಂಗೀತಗಾರರ ತವರೆಂದು ನಾಡಿಗೆಲ್ಲ ತಿಳಿದಿದೆ. ೧೯೨೦ರಲ್ಲಿ ಜನಿಸಿ, ಆಕಾಶವಾಣಿಯಲ್ಲಿ ಬಹುಕಾಲ ಸೇವೆ ಮಾಡಿ, ೧೯೯೫ರಲ್ಲಿ ಮದ್ರಾಸಿನ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದನ್ನೂ ೨೦೧೧ರಲ್ಲಿ ಪದ್ಮಭೂಷಣವನ್ನೂ ಪಡೆದ ವಿದ್ವಾನ್ ಆರ್. ಕೆ. ಶ್ರೀಕಂಠನ್ ಅವರು ಈ ಊರಿನವರು. ಜೋಡಿಯಾಗಿ ಹಾಡಿ ರುದ್ರಪಟ್ಟಣಂ ಸಹೋದರರೆಂದು ಹೆಸರಾದ ತ್ಯಾಗರಾಜನ್ ಮತ್ತು ತಾರಾನಾಥನ್ ಅವರೂ ಇಲ್ಲಿಯ ಮನೆತನದವರೇ. ಆರ್. ಕೆ. ಪದ್ಮನಾಭ ಅವರ ಶ್ರಮದಿಂದ ಇಲ್ಲಿ ಸಪ್ತಸ್ವರ ದೇವತಾ ಧ್ಯಾನಮಂದಿರವೆಂಬ ಕಟ್ಟಡವು ಎದ್ದಿದೆ. ಅದರ ಆಕಾರವು ತಂಬೂರಿಯದು. ನಮ್ಮ ಕ್ರೈಸ್ತ ಗೆಳತಿಯೂ ಸೇರಿ ನಾಲ್ವರೂ ಅದರ ಮುಂದೆ ನಿಂತು ನೋಡಿದೆವು. ಹಾಡಿದವರ ಬಿರುದುಗಳನ್ನು ಲೆಕ್ಕಹಾಕುವ ಈ ಲೋಕದಲ್ಲಿ, ಶ್ರುತಿಯ ವಾದ್ಯಕ್ಕೆ ಇಷ್ಟು ದೊಡ್ಡ ಗೌರವವನ್ನು ಸಲ್ಲಿಸಿದ ಊರು ನಮ್ಮ ಪಕ್ಕದಲ್ಲಿಯೇ ಇದ್ದಿತು. "ನೋಡ್ರೇ, ತಂಬೂರಿಗೆ ಗುಡಿ ಕಟ್ಟಿಸಿದ್ದಾರೆ, ನನ್ನ ಹರಕು ಪೆಟ್ಟಿಗೆಗೆ ಯಾರೂ ಕಟ್ಟಿಸಲಿಲ್ಲ" ಎಂದು ಆಕೆ ನಕ್ಕಳು. ನಾವೂ ನಕ್ಕೆವು, ನಮ್ಮ ಕಣ್ಣುಗಳು ಮಾತ್ರ ತುಂಬಿದ್ದವು.

ಊರಿಗೆ ಮರಳಿದ ಮೇಲೆ ಆ ಅಮೆರಿಕದ ಪ್ರಶಸ್ತಿಯ ನಿಯಮಗಳನ್ನು ಮೊಮ್ಮಗಳಿಂದ ಓದಿಸಿ ಕೇಳಿದೆವು. ಅಲ್ಲಿಯೂ "ನೀವು ಎಷ್ಟು ಮಂದಿ?" ಎಂಬ ಪ್ರಶ್ನೆಯೇ ವರ್ಷವರ್ಷವೂ ಕಾಡುತ್ತಿರುವುದನ್ನು ಕಂಡು ನಮಗೆ ಆಶ್ಚರ್ಯವಾಯಿತು. ವರ್ಷದ ಆಲ್ಬಮಿನ ಬಹುಮಾನದಲ್ಲಿ ಗಾಯಕರೊಡನೆ ನಿರ್ಮಾಪಕರಿಗೂ ಧ್ವನಿಮುದ್ರಣದ ಎಂಜಿನಿಯರುಗಳಿಗೂ ಪಾಲುಂಟು. ೨೦೧೮ರ ಸಮಾರಂಭದಿಂದ ಗೀತರಚನಕಾರರನ್ನೂ ಸೇರಿಸಿಕೊಂಡರು. ಆದರೆ ಸಂಪುಟದ ಕಾಲಾವಧಿಯಲ್ಲಿ ನೂರಕ್ಕೆ ೩೩ ಭಾಗದಷ್ಟಾದರೂ ಕೆಲಸ ಮಾಡಿದವರಿಗೆ ಮಾತ್ರ ಪಾಲೆಂದರು. ೨೦೨೨ರ ಸಮಾರಂಭಕ್ಕೆ ಆ ಅಳತೆಯನ್ನು ತೆಗೆದುಹಾಕಿದರು. ೨೦೨೪ರ ಸಮಾರಂಭಕ್ಕೆ ನೂರಕ್ಕೆ ೨೦ ಎಂಬ ಹೊಸ ಅಳತೆಯನ್ನಿಟ್ಟರು. ರಿಕ್ಕಿ ಕೇಜ್ ಅವರ ಅದೇ 'ಡಿವೈನ್ ಟೈಡ್ಸ್' ಸಂಪುಟಕ್ಕೆ ೨೦೨೩ರಲ್ಲಿ ಮತ್ತೊಂದು ಗ್ರ್ಯಾಮಿ ಬಂದಿತು. ಅದು ಕೇಳುಗನ ಸುತ್ತಲೂ ನಾದವು ತುಂಬಿಕೊಳ್ಳುವಂತೆ ಧ್ವನಿಯನ್ನು ಜೋಡಿಸುವ ಕೌಶಲಕ್ಕೆ ಮೀಸಲಾದ ವಿಭಾಗ. ಅಲ್ಲಿ ಕಲಾವಿದರೊಡನೆ, ಧ್ವನಿಯನ್ನು ಹದಗೊಳಿಸಿದ ಎಂಜಿನಿಯರ್ ಎರಿಕ್ ಶಿಲ್ಲಿಂಗ್ ಅವರ ಹೆಸರೂ ಬಹುಮಾನದ ಪಟ್ಟಿಯಲ್ಲಿ ಸೇರಿತು. ಒಂದು ಸ್ವರವನ್ನೂ ಹಾಡದವನ ಹೆಸರನ್ನು ಹಾಡಿದವರ ಜೊತೆಗೆ ಬರೆಯುವುದನ್ನು ಆ ದೇಶದವರು ಕಲಿತಿರುವರು. ಈ ಕಾಲಾವಧಿಯ ಅಳತೆಗೋಲನ್ನು ನಮ್ಮ ಹಾಡಿಗೆ ಹಿಡಿದರೆ ಏನಾಗುವುದು? ನಾವು ಮೂವರು ಚರಣ ಚರಣಕ್ಕೂ ಉಸಿರಿಗಾಗಿ ನಿಲ್ಲುತ್ತಿದ್ದೆವು. ನಮಗಿಂತ ಮೊದಲು ಪ್ರಾರಂಭಿಸಿ, ನಾವು ಮುಗಿಸಿದ ಮೇಲೆ ನಿಲ್ಲಿಸಿ, ನಡುವೆ ಒಂದು ಕ್ಷಣವೂ ಬಿಡದೆ ನೂರಕ್ಕೆ ನೂರು ಭಾಗ ಹಾಡಿನಲ್ಲಿದ್ದವಳು ಆಕೆಯೊಬ್ಬಳೇ.

ಇನ್ನೊಂದು ಸಂಗತಿಯೂ ತಿಳಿಯಿತು. ಬೆಂಗಳೂರಿಗೆ ಎರಡನೆಯ ಗ್ರ್ಯಾಮಿಯು ಬಂದ ಆ ೨೦೨೨ರ ಸಮಾರಂಭದಲ್ಲಿಯೇ ವರ್ಷದ ಅತ್ಯುತ್ತಮ ಆಲ್ಬಮ್ ಎಂಬ ಹಿರಿಯ ಬಹುಮಾನವನ್ನು ಪಡೆದವರು ಜಾನ್ ಬಟೀಸ್ಟ್ ಎಂಬುವರು. ಸಂಪುಟದ ಹೆಸರು 'ವೀ ಆರ್', ಎಂದರೆ 'ನಾವಿದ್ದೇವೆ'. ಅದೇ ಹೆಸರಿನ ಹಾಡಿನಲ್ಲಿ ಅವರು ತಾವು ಓದಿದ ನ್ಯೂ ಆರ್ಲಿಯನ್ಸ್ ನಗರದ ಕ್ರೈಸ್ತ ಹೈಸ್ಕೂಲಿನ ವಾದ್ಯಮೇಳವನ್ನೂ ಸೇರಿಸಿಕೊಂಡಿರುವರು. ನಾವೆಂದರೆ ಯಾರೆಂಬುದನ್ನು ಅವರು ತಮ್ಮ ಶಾಲೆಯವರನ್ನು ಬಿಟ್ಟು ಎಣಿಸಲಿಲ್ಲ. ನಾವು ನಮ್ಮ ಬೆನ್ನ ಹಿಂದೆಯೇ ನಿಂತಿದ್ದವಳನ್ನು ಬಿಟ್ಟು ಎಣಿಸಿದೆವು. ದೇಹದಲ್ಲಿ ಅಂಗಗಳು ಅನೇಕವಾದರೂ ದೇಹವು ಒಂದೇ ಎಂದೂ, ಅಲ್ಪವೆಂದು ಕಾಣುವ ಅಂಗಕ್ಕೇ ಹೆಚ್ಚಿನ ಮಾನವು ಸಲ್ಲತಕ್ಕದ್ದೆಂದೂ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ ಉಪದೇಶಿಸಿರುವುದನ್ನು ಈ ಶಾಲೆಯ ಬೆಳಗಿನ ಪ್ರಾರ್ಥನೆಯಲ್ಲಿ ನಾವು ಎಷ್ಟು ಸಲ ಕೇಳಿದ್ದೆವೋ! ಸತ್ಯವೇದ ಪರೀಕ್ಷೆಯಲ್ಲಿ ಆ ಅಧ್ಯಾಯಕ್ಕೆ ನಮಗೆ ಒಳ್ಳೆಯ ಅಂಕಗಳೂ ಬಂದಿದ್ದುವು.

ಆದುದರಿಂದ ನಮ್ಮ ಶಾಲೆಯ ಹಿರಿಯರಲ್ಲಿ ನಮ್ಮದೊಂದು ಬಿನ್ನಹವುಂಟು. ಇನ್ನು ಮುಂದೆ ಹಾಡು, ನಾಟಕ, ಆಟ, ಯಾವುದರಲ್ಲಿ ನಮ್ಮ ಹುಡುಗಿಯರು ಬಹುಮಾನವನ್ನು ತಂದರೂ, ಶ್ರುತಿ ಹಿಡಿದವರ, ತೆರೆ ಎಳೆದವರ, ಬಣ್ಣ ಹಚ್ಚಿದವರ ಹೆಸರುಗಳನ್ನೂ ಗೌರವಫಲಕದಲ್ಲಿ ಬರೆಯಿಸುವ ಕೃಪೆಮಾಡಬೇಕು. ಅದಕ್ಕೆ ತಗಲುವ ವೆಚ್ಚವನ್ನು ಹಳೆಯ ವಿದ್ಯಾರ್ಥಿನಿಯರಾದ ನಾವು ಸಂತೋಷದಿಂದ ವಹಿಸುತ್ತೇವೆ. ತಾಯಿತಂದೆಗಳಲ್ಲಿಯೂ ಒಂದು ಮಾತು. ನಿಮ್ಮ ಮಗಳು ಪತ್ರವನ್ನು ಹಿಡಿದುಕೊಂಡು ಮನೆಗೆ ಬಂದಾಗ, "ಜೊತೆಯಲ್ಲಿ ಯಾರು ಯಾರಿದ್ದರಮ್ಮ?" ಎಂದು ಕೇಳಿರಿ. ಬರಿಗೈಯಲ್ಲಿ ಬಂದಾಗ, "ನೀನು ಏನು ಹಿಡಿದಿದ್ದೆಯಮ್ಮ?" ಎಂದು ಕೇಳಿರಿ.

ಈ ಲೇಖನದ ಕೆಳಗೆ ಹಾಕಲು ಲೇಖಕಿಯರ ಹೆಸರುಗಳನ್ನು ತಿಳಿಸಬೇಕೆಂದು ಸಂಚಿಕೆಯ ಸಂಪಾದಕರು ಕೇಳಿರುವರು. ಆಕೆಯ ಹೆಸರನ್ನೇ ಮೊದಲು ಬರೆಯಬೇಕೆಂದು ನಾವು ಹಳ್ಳಿಮೈಸೂರಿಗೆ ಟೆಲಿಫೋನು ಮಾಡಿದೆವು. "ಈ ವಯಸ್ಸಿನಲ್ಲಿ ನನ್ನ ಹೆಸರು ಯಾಕ್ರೇ? ನೀವು ಬಂದಿರಲ್ಲ, ಸಾಕು" ಎಂದು ಆಕೆ ಒಪ್ಪಲಿಲ್ಲ. ಆಕೆಯ ಹೆಸರಿಲ್ಲದ ಕಡೆ ನಮ್ಮ ಹೆಸರುಗಳನ್ನು ಮತ್ತೊಮ್ಮೆ ಬರೆಯಿಸಿಕೊಳ್ಳಲು ನಮಗೂ ಮನಸ್ಸಾಗಲಿಲ್ಲ. ಹೆಸರು ಬೇಡವಾದರೆ ಲೆಕ್ಕಕ್ಕಾದರೂ ಸೇರುವೆಯಾ ಎಂದು ಕೇಳಿದ್ದಕ್ಕೆ ಆಕೆ ನಕ್ಕು ಒಪ್ಪಿದಳು. ಅಂದು ಮೇಜಿನ ಬಳಿ ಕೊಡಬೇಕಾಗಿದ್ದ ಉತ್ತರವನ್ನು ಇಷ್ಟು ತಡವಾಗಿ ಇಲ್ಲಿ ಬರೆದು ಮುಗಿಸುತ್ತೇವೆ.

ಇತಿ,
ಹಳೆಯ ವಿದ್ಯಾರ್ಥಿನಿಯರು, ನಾಲ್ವರು